ಅಂಚಿನಲ್ಲಿ ನೀರು ಏನು ಮಾಡುತ್ತದೆ

ಮೇ 6, ಮಂಗಳವಾರ

ಮಧು ತನ್ನ ಆಫೀಸಿನಲ್ಲಿ ಕೊಟ್ಟ ಡೈರಿಯನ್ನು ನನಗೆ ದಾಟಿಸಿದ್ದಾಳೆ. "ಅಜ್ಜಿ, ಮನಸ್ಸಲ್ಲಿರೋದನ್ನೆಲ್ಲ ಇದ್ರಲ್ಲಿ ಬರಿ, ಅಪ್ಪನ ಬಿಪಿ ಕಮ್ಮಿ ಆಗುತ್ತೆ" ಎಂದಳು. ಮೊಮ್ಮಗಳು ನನ್ನ ಬಾಯಿಗೆ ಬೀಗ ಹಾಕುವುದಕ್ಕೆ ಎಷ್ಟು ಮರ್ಯಾದೆಯ ದಾರಿ ಹುಡುಕಿದ್ದಾಳೆ. ಇರಲಿ. ಈ ಮನೆಯಲ್ಲಿ ಎಲ್ಲರೂ ಕಿವಿಯಲ್ಲಿ ಏನನ್ನೋ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಕಾಗದಕ್ಕೆ ಕಿವಿಯಿಲ್ಲ, ಸಿಕ್ಕಿಸಿಕೊಳ್ಳುವ ಭಯವೂ ಇಲ್ಲ.

ಸುದ್ದಿ ಏನೆಂದರೆ, ಹಿತ್ತಲಿನ ಜಾಗ ಅಪಾರ್ಟ್‌ಮೆಂಟ್ ಆಗುತ್ತದಂತೆ. ಕೋಣನಕುಂಟೆ ಊರಾಗಿದ್ದಾಗ ಅಲ್ಲಿ ನಮ್ಮ ಕೊಟ್ಟಿಗೆ ಇತ್ತು. ಈಗ ಬಾಡಿಗೆಯವರ ಕಾರುಗಳು ನಿಲ್ಲುತ್ತವೆ. ಹಸುಗಳಾದರೂ ನನ್ನನ್ನು ಕಂಡರೆ ತಲೆ ಎತ್ತುತ್ತಿದ್ದವು. ಮಗ ಬೈರಣ್ಣ ಬಿಲ್ಡರ್ ಒಬ್ಬನನ್ನು ಗೊತ್ತುಮಾಡಿದ್ದಾನೆ. ಅವನು ಕಟ್ಟುತ್ತಾನೆ, ನಮಗೆ ಒಂದಷ್ಟು ಮನೆ ಕೊಡುತ್ತಾನೆ. ನೆಲದ ಮಟ್ಟದ ಮನೆ ನನಗೆ ಅಂತ ಈಗಲೇ ಹೇಳಿಟ್ಟಿದ್ದೇನೆ. ನನ್ನದೇ ಅಡುಗೆಮನೆ, ನನ್ನದೇ ಚಿಲಕ. ಸೊಸೆ ಒಳ್ಳೆಯವಳು, ಸುಳ್ಳು ಹೇಳಬಾರದು. ಆದರೆ ಸಾಸಿವೆ ಡಬ್ಬಿ ಇವತ್ತು ಎಲ್ಲಿದೆ ಎನ್ನುವುದು ಅವಳಿಗೂ ದೇವರಿಗೂ ಮಾತ್ರ ಗೊತ್ತು. ಜಾಗ ಯಜಮಾನರು ನನ್ನ ಹೆಸರಿಗೆ ಮಾಡಿ ಹೋಗಿರುವುದರಿಂದ ಈಗ ಎಲ್ಲರೂ ನನ್ನನ್ನು "ಊಟ ಆಯ್ತಾ?" ಎಂದು ಕೇಳುತ್ತಿದ್ದಾರೆ.

ಹಿತ್ತಲ ಗೋಡೆಯಾಚೆ ತಗ್ಗಿನಲ್ಲಿ ಯಜಮಾನರ ತಮ್ಮನ ಹೆಂಡತಿಯ ಮನೆ. ಹೆಸರು ಬರೆಯುವುದಿಲ್ಲ, ಡೈರಿ ಹೊಸದು. ತನ್ನ ಮಗನ ಮದುವೆಯಲ್ಲಿ ಮನೆಯ ಹಿರಿಸೊಸೆಯಾದ ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದವಳು. ಅವತ್ತಿನಿಂದ ಮಾತಿಲ್ಲ. ಅವತ್ತು ಮದುವೆಯಾದವರಿಗೆ ಹುಟ್ಟಿದ ಮಗು ಈಗ ಕಾಲೇಜಿಗೆ ಹೋಗುತ್ತದೆ.

ಮೇ 9

ಬಿಲ್ಡರ್ ರವಿಕಿರಣ್ ಬಂದಿದ್ದ. ಬಿಳಿ ಪ್ಯಾಂಟು. ಕೆಸರಿನ ಕೆಲಸ ಮಾಡುವವನು ಬಿಳಿ ಪ್ಯಾಂಟು ಹಾಕಿದರೆ ಕೆಲಸ ಬೇರೆಯವರು ಮಾಡುತ್ತಾರೆ ಎಂದರ್ಥ. ಬಂದವನೇ ನನ್ನ ಕಾಲಿಗೆ ನಮಸ್ಕರಿಸಿದ. ಪತ್ರ ಯಾರ ಹೆಸರಿನಲ್ಲಿದೆ ಎಂದು ಓದಿಕೊಂಡೇ ಬಂದಿದ್ದಾನೆ.

ಜಾಗ ತಗ್ಗು, ಮಣ್ಣು ತುಂಬಿಸಿ ಎತ್ತರ ಮಾಡಬೇಕು, ಸುತ್ತ ಗಟ್ಟಿ ಕಾಂಪೌಂಡು ಹಾಕಬೇಕು ಎಂದ. ಹಾಗೆ ಮಾಡಿದರೆ ಮಳೆನೀರು ಅಕ್ಕಪಕ್ಕದವರ ಮನೆಗೆ ನುಗ್ಗುವುದಿಲ್ಲ ಅಂತ ಇಂಜಿನಿಯರ್ ಒಬ್ಬರು ರಿಪೋರ್ಟ್ ಕೊಡಬೇಕಂತೆ. ನಮ್ಮ ಮಧು ಮಾಡುವುದು ಅದೇ ಕೆಲಸ. ಜಯನಗರದಲ್ಲಿ ಅವಳ ಆಫೀಸು. ನೀರು ಎಲ್ಲಿ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಹರಿಸಿ ನೋಡುತ್ತಾರೆ.

"ಮನೆ ಹುಡ್ಗೀನೇ ಇದಾಳಲ್ಲ, ಇನ್ನೇನ್ ಸಾರ್!" ಎಂದು ಅವನು ಬೈರನ ಬೆನ್ನು ತಟ್ಟಿದ.

"ಮನೆ ಹುಡ್ಗಿ ಅಂತ ನೀರೇನ್ ಮಾತ್ ಕೇಳುತ್ತಾ ಅಂಕಲ್?" ಎಂದಳು ಮಧು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮೂಗಿನ ಮೇಲೆ ಕೋಪ ಇಟ್ಟುಕೊಂಡೇ ಹುಟ್ಟಿದ ಹುಡುಗಿ, ಯಾರಿಂದ ಬಂತೋ.

ಮೇ 13

ಇವತ್ತು ಮಧು ಮನೆಯಿಂದಲೇ ಕೆಲಸ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. ಪಕ್ಕದಲ್ಲಿ ಕುಳಿತು ಅವರೆಕಾಳು ಹಿಚುಕುವ ಕಾಲವೂ ಅಲ್ಲ, ಸುಮ್ಮನೆ ಕುಳಿತು ನೋಡಿದೆ. ನಮ್ಮ ಬೀದಿ, ನಮ್ಮ ಮನೆ, ಹಿತ್ತಲು, ಆಚೆ ಮನೆ, ಎಲ್ಲವನ್ನೂ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದ ಹಾಗೆ ಚೂರು ಚೂರು ಚೌಕ ಮಾಡಿದ್ದಾಳೆ. ಒಂದೊಂದು ಚೌಕದಿಂದ ಪಕ್ಕದ ಚೌಕಕ್ಕೆ ಎಷ್ಟು ನೀರು ಹೋಗುತ್ತದೆ ಎಂದು ಅದು ತಾನೇ ಲೆಕ್ಕ ಹಾಕುತ್ತದಂತೆ.

"ಎಲ್ಲಾ ಅದೇ ಮಾಡಿದ್ರೆ ನಿನಗ್ಯಾಕೆ ಸಂಬಳ?"

"ಅಂಚಿಗೆ, ಅಜ್ಜಿ. ಈ ಚಿತ್ರ ಎಲ್ಲೋ ಒಂದು ಕಡೆ ಮುಗೀಬೇಕಲ್ಲ? ಮುಗಿಯೋ ಜಾಗದಲ್ಲಿ ನೀರು ಏನ್ ಮಾಡುತ್ತೆ ಅಂತ ನಾನೇ ಹೇಳ್ಬೇಕು. ಸರಾಗವಾಗಿ ಆಚೆ ಹೊರಟೋಗುತ್ತಾ, ಗೋಡೆ ಇದ್ದಂಗೆ ತಡೆಯುತ್ತಾ, ಇಲ್ಲಾ ಆಚೆ ಆಗ್ಲೇ ನೀರು ನಿಂತಿದ್ದು ಇದನ್ನ ಹಿಂದಕ್ಕೆ ನೂಕುತ್ತಾ. ಅದಕ್ಕೆ ಬೌಂಡರಿ ಕಂಡಿಷನ್ ಅಂತೀವಿ. ಅದನ್ನ ತಪ್ಪಾಗಿ ಹಾಕಿದ್ರೆ ಒಳಗಿನ ಲೆಕ್ಕ ಎಷ್ಟು ಸರಿ ಇದ್ರೂ ಉತ್ತರ ಸುಳ್ಳೇ."

ಅವಳ ಚಿತ್ರ ಮುಗಿಯುವುದು ಆಚೆಯವಳ ಮನೆಯ ಹಿಂದುಗಡೆ. ಕಾರ್ಪೊರೇಷನ್ನಿನ ಹಳೆಯ ನಕ್ಷೆಯಲ್ಲಿ ಅಲ್ಲೊಂದು ಕಾಲುವೆ ಇದೆ. ಆದರೆ ದೊಡ್ಡ ರಸ್ತೆ ಕಡೆಯಿಂದ ಹೋಗಿ ನೋಡಿದರೆ ಅಂಗಡಿಗಳ ಸಾಲು ಅಡ್ಡ. ಆಚೆಯವಳ ಹಿತ್ತಲಿಗೆ ಹೋದರೆ ಮಾತ್ರ ಕಾಣುವುದು. ಮಧು ನಿನ್ನೆ ಗೇಟು ತಟ್ಟಿದಳಂತೆ. "ನಿಮ್ಮಜ್ಜಿ ಬಂದು ಕೇಳ್ಲಿ, ತೆಗೀತೀನಿ" ಎಂದು ಉತ್ತರ ಬಂತಂತೆ. ಜಂಬ ನೋಡಿ.

"ನನ್ನ ಕೇಳು" ಎಂದೆ. "ಆ ಕಾಲುವೇಲಿ ನೀರು ಹೆಂಗೆ ಹೋಗ್ತಿತ್ತು ಗೊತ್ತಾ? ಬಟ್ಟೆ ಒಗೆಯುವಾಗ ನಿಮ್ಮ ತಾತನ ಪಂಚೆ ಕೈ ಜಾರಿ ಹೋಯ್ತು, ಸೀದಾ ಕೆರೆಗೇ ಸೇರ್ತು. ಅಲ್ಲಿ ನೀರು ನಿಲ್ಲೋ ಮಾತೇ ಇಲ್ಲ."

"ಗ್ಯಾರಂಟೀನಾ ಅಜ್ಜಿ?"

"ನಿನ್ನ ಕಂಪ್ಯೂಟರ್ ಹುಟ್ಟೋಕೆ ಮುಂಚಿಂದ ನೋಡಿದೀನಿ."

ಅವಳು ಹಾಗೇ ಒತ್ತಿದಳು. ನೀಲಿ ಬಣ್ಣ ಬೀದಿಯಿಂದ ಬಂತು, ಹಿತ್ತಲನ್ನು ಸುತ್ತಿತು, ಆಚೆಯವಳ ಮನೆಯ ಪಕ್ಕ ಹಾದು ಹೋಗಿಯೇ ಹೋಯಿತು. ಮಣ್ಣು ತುಂಬಿಸಿ ಕಾಂಪೌಂಡು ಹಾಕಿದ ಮೇಲೂ ಅಷ್ಟೇ. ಯಾರ ಮನೆಯೂ ನೆನೆಯಲಿಲ್ಲ. ನನ್ನ ಅಡುಗೆಮನೆಯ ಕಿಟಕಿ ಎಲ್ಲಿ ಬರುತ್ತದೆ ಎಂದು ಕೇಳಿದೆ. ಅದನ್ನು ಆ ಚಿತ್ರದಲ್ಲಿ ತೋರಿಸುವುದಿಲ್ಲವಂತೆ.

ಮೇ 15

ಬರೆಯುವಂಥದ್ದೇನಿಲ್ಲ. ಮೇಲಿನ ಬಾಡಿಗೆಯವಳು ನಾನು ಒಣಹಾಕಿದ ಹಪ್ಪಳದ ಮೇಲೆ ಗಿಡಕ್ಕೆ ಹಾಕಿದ ನೀರನ್ನೆಲ್ಲ ಸುರಿಸಿದಳು. "ಸಾರಿ ಆಂಟಿ" ಎಂದಳು. ಹಪ್ಪಳಕ್ಕೆ ಹೇಳಮ್ಮಾ ಎಂದೆ.

ಮೇ 20

ಮಧ್ಯಾಹ್ನ ಮೂರು ಗಂಟೆಗೇ ಕತ್ತಲಾಯಿತು. ಬಿದ್ದ ಮಳೆ ಮಳೆಯಲ್ಲ, ಮೇಲಿಂದ ಯಾರೋ ಕೊಡ ಮಗುಚಿದ್ದು. ನಮ್ಮ ಹಿತ್ತಲಲ್ಲಿ ಕಾರುಗಳ ಚಕ್ರ ಕಾಣಲಿಲ್ಲ. ಮಧು ಬಾಗಿಲಲ್ಲಿ ನಿಂತು ಲ್ಯಾಪ್‌ಟಾಪನ್ನೂ ಹಿತ್ತಲನ್ನೂ ಮದುವೆಗೆ ಜಾತಕ ಹೊಂದಿಸುವವಳ ಹಾಗೆ ನೋಡುತ್ತಿದ್ದಳು.

"ಇಷ್ಟೇ ಮಳೆ ಹಾಕಿದ್ದೆ ಅಜ್ಜಿ. ಇದ್ರಲ್ಲಿ ಒಣಗಿದೆ, ಹಿತ್ತಲಲ್ಲಿ ನಿಂತಿದೆ."

ಪ್ರತಿ ವರ್ಷವೂ ನಿಲ್ಲುತ್ತದೆ ಎಂದೆ. ಆಚೆಯವಳು ಬೇಕೆಂದೇ ಕಾಲುವೆಗೆ ಕಸ ತಳ್ಳಿ ನಮ್ಮ ಕಡೆ ನೀರು ನಿಲ್ಲಿಸುತ್ತಾಳೆ, ನನಗೆ ಗೊತ್ತಿಲ್ಲವೇ?

ಮಧು ಲ್ಯಾಪ್‌ಟಾಪು ಮುಚ್ಚಿದಳು. "ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದಳು.

ಕೇಳಿದ್ದು ಕಾಲುವೆಯ ವಿಚಾರ. ಆಚೆಯವಳ ಗುಣದ ವಿಚಾರ ಕೇಳಿದ್ದರೆ ಇಡೀ ದಿನ ಹೇಳುತ್ತಿದ್ದೆ.

ಮೇ 21

ತಾರಸಿಗೆ ಹೋಗಿದ್ದೆ, ಬಿಸಿಲಿಗೆ. ಗೋಡೆಯಾಚೆ ನೋಡುವುದಕ್ಕಲ್ಲ. ಆದರೆ ಕಣ್ಣು ಮುಚ್ಚಿಕೊಂಡು ನಿಲ್ಲುವುದಕ್ಕೆ ಆಗುವುದಿಲ್ಲವಲ್ಲ. ಆಚೆಯವಳ ಹಾಸಿಗೆ, ದಿಂಬು, ಅಕ್ಕಿ, ಒಂದು ರೇಷ್ಮೆ ಸೀರೆ, ಎಲ್ಲವೂ ಅಂಗಳದಲ್ಲಿ ಒಣಗುತ್ತಿದ್ದವು. ಚೆನ್ನಾಗಿ ಆಯಿತು ಎಂದುಕೊಂಡೆ. ಅವಳ ಮಗ ಸೊಸೆ ಮೇಲಿನ ಮಹಡಿಯಲ್ಲಿದ್ದಾರೆ. ಮೊಣಕಾಲು ಮೆಟ್ಟಿಲಿಗೆ ಒಪ್ಪುವುದಿಲ್ಲವೆಂದು ಇವಳು ಕೆಳಗೆ. ಬಕೆಟ್ಟಿನಲ್ಲಿ ನೀರು ತುಂಬಿ ತಂದು ಹೊರಗೆ ಎರಚುತ್ತಿದ್ದಳು. ಎರಚುವುದಕ್ಕೂ ಬರುವುದಿಲ್ಲ, ಅರ್ಧ ತನ್ನ ಸೀರೆಗೇ. ಮೊದಲಿನಿಂದಲೂ ಹಾಗೇ, ಮದುವೆಯಾಗಿ ಬಂದಾಗ ಸಗಣಿ ಸಾರಿಸುವುದನ್ನು ನಾನೇ ಕಲಿಸಿದ್ದು.

ಕೆಟ್ಟ ವಾಸನೆ ನಮ್ಮ ಮನೆವರೆಗೂ ಬರುತ್ತಿತ್ತು. ನಮಗೆ ತೊಂದರೆ ಆಗಬಾರದೆಂದು ಕೆಲಸದವಳ ಕೈಲಿ ಒಂದು ಬಾಟಲಿ ಫಿನಾಯಿಲ್ ಕಳಿಸಿದೆ. ಒಣ ಟವೆಲ್ಲುಗಳನ್ನೂ ಕಳಿಸಿದೆ, ಹಳೆಯವು, ಬೀರುವಿನಲ್ಲಿ ಜಾಗ ತಿನ್ನುತ್ತಿದ್ದವು.

ಮೇ 24

ಮನೆಯಲ್ಲಿ ಜಗಳ. ಬೈರನಿಗೆ ರಿಪೋರ್ಟ್ ಈ ತಿಂಗಳೇ ಬೇಕು.

"ಒಂದ್ಸಲ ಚೆನ್ನಾಗ್ ಬಂದಿದೆಯಲ್ಲ, ಅದನ್ನೇ ಕೊಡು" ಎಂದ.

"ಅಪ್ಪಾ, ಕೆಳಗೆ ನನ್ನ ಸಹಿ ಇರುತ್ತೆ. ಆಚೆ ನೀರು ನಿಲ್ಲುತ್ತೆ ಅನ್ಸುತ್ತೆ. ಎಷ್ಟೆತ್ತರ ನಿಲ್ಲುತ್ತೆ ಅಂತ ಗೊತ್ತಾಗ್ಬೇಕು. ಈಗ ಆ ನೀರಲ್ಲಿ ಅರ್ಧ ನಮ್ಮ ಹಿತ್ತಲಲ್ಲಿ ನಿಂತ್ಕೊಳ್ತಿದೆ. ಮಣ್ಣು ತುಂಬಿದ್ರೆ ಅದೂ ಚಿಕ್ಕಜ್ಜಿ ಮನೆಗೇ."

"ನೀರು ತಗ್ಗಿಗೆ ಹೋಗುತ್ತಪ್ಪಾ, ಅದಕ್ಕೆ ನಾವೇನ್ ಮಾಡೋಕಾಗುತ್ತೆ?"

"ಅವರು ಕೆಳಗಡೇನೇ ಮಲಗೋದು ಅಪ್ಪಾ."

ಬೈರ ಎದ್ದು ಹೋದ. ಮಧು ನನ್ನ ಕಡೆ ತಿರುಗಿದಳು. ನಾನು ಬೀನ್ಸಿನ ನಾರು ತೆಗೆಯುವುದರಲ್ಲಿದ್ದೆ. "ಅಜ್ಜಿ, ನೀನು ಹೋದ್ರೆ ಗೇಟು ತೆಗೀತಾರೆ" ಎಂದಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನ ಒಂದು ಕಂಪ್ಯೂಟರಿನ ಅಂಚಿಗೆ ಕೊಡಬೇಕಂತೆ. ಆಗುವುದಿಲ್ಲ ಎಂದೆ. ಬೀನ್ಸು ಎಳೆಯದು, ನಾರೇ ಇರಲಿಲ್ಲ.

ಮೇ 27

ಹೋದೆ. ನಾನು ಹೆದರಿದ್ದೇನೆ ಎಂದು ಅವಳು ತಿಳಿಯಬಾರದು, ಅದಕ್ಕೆ.

ಗೇಟಿನೊಳಗಿಂದಲೇ, "ದಾರಿ ತಪ್ಪಿ ಬಂದ್ರಾ ಅಕ್ಕಾ?" ಎಂದಳು.

"ನೀರು ಎಲ್ಲಿಗೆ ಹೋಗುತ್ತೆ ನೋಡೋಣ ಅಂತ ಬಂದೆ. ನಿನ್ನ ನೋಡೋಕಲ್ಲ."

"ನೀರಿಗೆ ಇರೋ ಪುಣ್ಯ ನನಗಿಲ್ಲ ಬಿಡಿ. ಮೆಟ್ಟಿಲು ಜಾರುತ್ತೆ, ಕೈ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಮೆಟ್ಟಿಲು ನಿಜವಾಗಿಯೂ ಜಾರುತ್ತಿತ್ತು.

ಒಳಗೆ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ. ಫ್ರಿಜ್ಜಿನ ಕೆಳಗೆ ಇಟ್ಟಿಗೆ. ದೇವರ ಮಂಟಪದ ಕೆಳಗೂ ಇಟ್ಟಿಗೆ. ಮನೆಯೇ ತುದಿಗಾಲಿನಲ್ಲಿ ನಿಂತ ಹಾಗಿದೆ. ಗೋಡೆಯ ಮೇಲೆ ಕಂದು ಗೆರೆ, ಮಂಚದ ಹಲಗೆಯ ಮಟ್ಟಕ್ಕೆ. "ಈ ಸಲ ಇಷ್ಟು. ಹಲಗೆ ಮುಟ್ಟಿದಾಗ ಎಚ್ಚರ ಆಗುತ್ತೆ, ಎದ್ದು ಕೂರ್ತೀನಿ" ಎಂದಳು, ಹಾಲು ತರುವವನು ಬಂದಾಗ ಏಳುತ್ತೇನೆ ಎನ್ನುವ ಹಾಗೆ. ಮಗನನ್ನು ಕೂಗುವುದಿಲ್ಲವಾ ಎಂದೆ. ಬೆಳಿಗ್ಗೆ ಡ್ಯೂಟಿ ಇರುತ್ತೆ ಪಾಪ ಎಂದಳು.

ಹಿತ್ತಲ ಬಾಗಿಲು ತೆಗೆದಳು. ಕಾಲುವೆ ಇಲ್ಲ. ನಾನು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಜಾಗದಲ್ಲಿ ಸ್ಕೂಟರ್ ರಿಪೇರಿ ಅಂಗಡಿಯ ಹಿಂದಿನ ಗೋಡೆ. ಆ ಕಡೆ ರಸ್ತೆಯನ್ನು ಎತ್ತರಿಸಿ ಎತ್ತರಿಸಿ ಅವಳ ಕಿಟಕಿಯ ಮಟ್ಟಕ್ಕೆ ತಂದಿದ್ದಾರೆ. ಕೆಳಗೆ ಒಂದು ಕೊಳವೆ, ನನ್ನ ತೋಳು ತೂರುವಷ್ಟು, ಬಾಯ್ತುಂಬ ಬಾಟಲಿ, ಕವರು. ಇಷ್ಟು ದೊಡ್ಡ ಊರಿನ ಮಳೆಗೆ ಇದು ದಾರಿ.

"ಯಾವಾಗ ಆಯ್ತು ಇದು?"

"ಆಗಿ ಕಾಲ ಆಯ್ತು ಅಕ್ಕಾ. ನಿಮಗೆ ಗೊತ್ತಿರ್ಲಿಲ್ವಾ?"

ನನಗೆ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಹೇಳಬೇಕಾದವಳು ಗೋಡೆಯಾಚೆ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು.

ಕಾಫಿ ಕೊಟ್ಟಳು. ಸಕ್ಕರೆ ಜಾಸ್ತಿ. ನಾನು ಮದುವೆಯ ಪಂಕ್ತಿಯ ವಿಷಯ ಎತ್ತಿದೆ, ಮಾತು ಕೆಟ್ಟರೆ ಕೈಯಲ್ಲಿರುವ ಲೋಟ ಕೆಳಗಿಟ್ಟು ಎದ್ದು ಹೋಗಬಹುದು. "ಅವತ್ತು ಮೊದಲನೇ ಪಂಕ್ತಿಗೆ ಅನ್ನ ನೆಟ್ಟಗೆ ಬೆಂದಿರ್ಲಿಲ್ಲ ಅಕ್ಕಾ. ಬೀಗರಿಗೆ ಬಡಿಸಿ ತಲೆ ತಗ್ಗಿಸಿದ್ವಿ. ನಿಮಗೂ ಅದನ್ನ ಬಡಿಸಿದ್ರೆ ಊರೆಲ್ಲಾ ಹೇಳ್ಕೊಂಡ್ ಬರ್ತೀರ ಅಂತ ಎರಡನೇದಕ್ಕೆ ತಡೆದೆ" ಎಂದಳು. ಸುಳ್ಳು. ಆದರೆ ಇಷ್ಟು ವರ್ಷ ಕುಳಿತು ಚೆನ್ನಾಗಿ ಹೆಣೆದ ಸುಳ್ಳು. ಊರೆಲ್ಲಾ ಹೇಳಿಕೊಂಡು ಬರುತ್ತಿದ್ದೆ ಎನ್ನುವುದು ಮಾತ್ರ ನಿಜ.

ಮೇ 28

ಮಧು ಬೆಳಿಗ್ಗೆಯೇ ಆಚೆ ಮನೆಗೆ ಹೋಗಿ ಗೋಡೆಯ ಗೆರೆ ಅಳೆದುಕೊಂಡು ಬಂದಳು. ಅಂಚಿನಲ್ಲಿ ಈಗ ನೀರು ಸರಾಗವಾಗಿ ಹೋಗುವುದಿಲ್ಲ, ನಿಂತಿರುತ್ತದೆ ಎಂದು ಬರೆದಳು. ಬೇರೆ ಏನನ್ನೂ ಮುಟ್ಟಲಿಲ್ಲ. ಅದೇ ಮಳೆ, ಅದೇ ಬೀದಿ. ಮೊದಲು ನಮ್ಮ ಹಿತ್ತಲಲ್ಲಿ ನಿಜವಾಗಿ ನಿಂತಿದ್ದಷ್ಟೇ ನೀಲಿ ನಿಂತಿತು. ಆಮೇಲೆ ಬಿಲ್ಡರನ ಮಣ್ಣು, ಕಾಂಪೌಂಡು ಸೇರಿಸಿದಳು. ನೀಲಿಯೆಲ್ಲ ಆಚೆಗೆ ಸರಿದು ಅಲ್ಲಿ ಕಪ್ಪಾಯಿತು.

"ಇಷ್ಟು ಕಪ್ಪಂದ್ರೆ ಎಷ್ಟು?"

"ಸೊಂಟದ ಮೇಲೆ, ಅಜ್ಜಿ."

"ಕೂತಿರೋರಿಗೋ, ನಿಂತಿರೋರಿಗೋ?"

"ನಿಂತಿರೋರಿಗೆ."

ಆಚೆಯವಳು ಕುಳ್ಳಿ ಬೇರೆ.

ಅಂಚಿನಲ್ಲಿ ಏನಿದೆ ಎಂದು ಎದ್ದು ಹೋಗಿ ನೋಡದೆ ಬಾಯಿಗೆ ಬಂದದ್ದು ಬರೆಯುವವರನ್ನು ಏನೆನ್ನಬೇಕು ಎಂದು ಮಧುಗೆ ಚೆನ್ನಾಗಿ ಬುದ್ಧಿ ಹೇಳಿದೆ. ಅವಳು ತಲೆ ಬಗ್ಗಿಸಿ ಟೈಪು ಮಾಡತೊಡಗಿದಳು. ತಪ್ಪು ತಿಳಿದರೆ ಸಾಕು, ನಾನು ಮಾತು ಬೆಳೆಸಿಕೊಂಡು ಹೋಗುವವಳಲ್ಲ.

ಜೂನ್ 3, ಮಂಗಳವಾರ

ರವಿಕಿರಣ್ ಬಂದಿದ್ದ. ಅವತ್ತಿನ ಪ್ಯಾಂಟಿಗಿಂತ ಇದು ಇನ್ನೂ ಬಿಳಿ.

"ಮಧು ಮೇಡಂ, ಅಂಚಲ್ಲಿ ಮೊದಲಿನ ಥರಾನೇ ಹಾಕ್ಬಿಡಿ. ಹಳೇ ಮ್ಯಾಪಲ್ಲಿ ಕಾಲುವೆ ಇದೆ."

"ಜಾಗದಲ್ಲಿ ಇಲ್ಲ ಅಂಕಲ್."

"ಮ್ಯಾಪ್ ಜೊತೆಗೆ ಇಲ್ಲೇ ಬಾಳಿ ಬದುಕಿದ ಹಿರಿಯರು ಒಂದ್ ಮಾತು ಬರ್ಕೊಟ್ರೆ ಸಾಕು, ಯಾರೂ ಪ್ರಶ್ನೆ ಮಾಡಲ್ಲ." ನನ್ನ ಕಡೆ ತಿರುಗಿದ. "ಅಮ್ಮಾ, ಅಲ್ಲಿ ನೀರು ಹರೀತಿದ್ದದ್ದು ನೀವು ಕಣ್ಣಾರೆ ನೋಡಿದೀರ. ಹೌದೋ ಇಲ್ವೋ?"

"ನೋಡಿದೀನಿ."

"ಅದನ್ನಷ್ಟೇ ಬರ್ಕೊಡಿ. ಒಂದಕ್ಷರ ಸುಳ್ಳು ಬೇಡ."

ಇಷ್ಟು ಪ್ರಾಮಾಣಿಕನನ್ನು ನಾನು ನೋಡಿರಲಿಲ್ಲ. ನನ್ನಿಂದ ನಿಜ ಬರೆಸಬೇಕೆಂದೇ ಈ ಟ್ರಾಫಿಕ್ಕಿನಲ್ಲಿ ಕಾರು ಹತ್ತಿಕೊಂಡು ಬಂದಿದ್ದಾನೆ. ಜೊತೆಗೆ ನನ್ನ ಮನೆಯ ನಕ್ಷೆಯನ್ನೂ ತಂದಿದ್ದ. ಅಡುಗೆಮನೆಗೆ ಪೂರ್ವದ ಕಿಟಕಿ, ಕೆಳಗೆ ಕಟ್ಟೆ, ಡಬ್ಬಿಗಳಿಗೆ ಉದ್ದಕ್ಕೂ ಅಲಮಾರು. ಸಾಸಿವೆ ಡಬ್ಬಿ ಎಲ್ಲಿಡಬೇಕೆಂದು ಆಗಲೇ ಕಂಡುಬಿಟ್ಟಿತು.

ಮಂಗಳವಾರ ನಾನು ಸಹಿ ಹಾಕುವುದಿಲ್ಲ ಎಂದೆ.

ಜೂನ್ 4

ಬಸ್ಸಾರು ಜಾಸ್ತಿಯಾಗಿತ್ತು. ಕೆಡಬಾರದೆಂದು ಆಚೆ ಮನೆಗೆ ಕಳಿಸಿದೆ. ಪಾತ್ರೆ ಚಕ್ಕುಲಿ ತುಂಬಿಕೊಂಡು ವಾಪಸು ಬಂತು. ಉಪ್ಪು ಮುಂದೆ. ಎಲ್ಲವನ್ನೂ ತಿಂದೆ, ಬಿಪಿ ಇರುವ ಬೈರನ ಕೈಗೆ ಸಿಗಬಾರದಲ್ಲ.

ಜೂನ್ 6, ಶುಕ್ರವಾರ

ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕೊಡುವುದಿಲ್ಲ ಎಂದೆ. "ಮಾತು ಕೊಡೋದು ಅದ್ರಲ್ಲಿ ಬರುತ್ತಾ?" ಎಂದ ಬೈರ. ಬರುತ್ತದೆ ಎಂದೆ.

ಆಮೇಲೆ ನನ್ನ ಪಕ್ಕ ಬಂದು ಕುಳಿತ. "ಅಮ್ಮಾ, ಈ ಮನೆ ನಿಮ್ಗೋಸ್ಕರಾನೂ ತಾನೆ? ಕೈ ಬಿಟ್ರೆ ಇನ್ನೊಬ್ಬ ಬಿಲ್ಡರ್ ಸಿಗಲ್ಲ" ಎಂದ. ಹೆಂಡತಿಗೂ ನನಗೂ ನಡುವೆ ಅವನು ಎಷ್ಟು ವರ್ಷ ಸಾಸಿವೆಯ ಹಾಗೆ ಸಿಡಿದಿದ್ದಾನೆ, ನನಗೆ ಗೊತ್ತು. ಪಾಪ, ಅವನು ಕೆಟ್ಟವನಲ್ಲ. ಚಿಕ್ಕಮ್ಮನ ಮನೆಯ ಮಂಚದ ಕೆಳಗಿನ ಇಟ್ಟಿಗೆ ನೋಡಿಲ್ಲ, ಅಷ್ಟೇ. ಬಾ ತೋರಿಸುತ್ತೇನೆ ಎಂದೆ. ಬರಲಿಲ್ಲ.

ಜೂನ್ 9

ಸೋಮವಾರಕ್ಕೆ ನನಗೆ ಯಾವ ದೋಷವೂ ಸಿಗಲಿಲ್ಲ.

ರವಿಕಿರಣ್ ಟೈಪು ಮಾಡಿಸಿದ ಕಾಗದ ತಂದಿದ್ದ. ಮೇಲಿಂದ ಕೆಳಗೆ ಓದಿದೆ. ಕಾಲುವೆ ಇತ್ತು, ನೀರು ಹರಿಯುತ್ತಿತ್ತು, ನಾನು ನೋಡಿದ್ದೇನೆ. ಒಂದು ಸುಳ್ಳಿಲ್ಲ. ಮಧು ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ಒಂದು ಮಾತು ಆಡಲಿಲ್ಲ. ಆಡಿದ್ದರೆ ಅವಳ ಮೇಲೆ ಎರಗಿ ಕೆಲಸ ಸುಲಭ ಮಾಡಿಕೊಳ್ಳುತ್ತಿದ್ದೆ.

ಪೆನ್ನು ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆ. ಅವನಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಶಾಯಿ ಡಬ್ಬಿ ತೆಗೆದು, "ಕಷ್ಟ ಆದ್ರೆ ಬಿಡಿ ಅಮ್ಮಾ, ಹೆಬ್ಬೆಟ್ಟು ಒತ್ತಿ ಸಾಕು" ಎಂದ.

ಹೆಬ್ಬೆಟ್ಟು! ನಾಲ್ಕನೇ ಕ್ಲಾಸಿನವರೆಗೆ ಹೋದವಳಿಗೆ! ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ನನ್ನ ಕೈಲೇ ಬರೆಸುತ್ತಿದ್ದರು. ಬಿಳಿ ಪ್ಯಾಂಟಿನವನಿಗೆ ತೋರಿಸಲೇಬೇಕಾಯಿತು. ಅವನ ಕಾಗದವನ್ನು ಮಗುಚಿ ಹಿಂದುಗಡೆ ಬರೆದೆ. "ಕಾಲುವೆ ಇತ್ತು. ಈಗ ಇಲ್ಲ. ನೀರು ಹೋಗುವುದಿಲ್ಲ, ನಿಲ್ಲುತ್ತದೆ. ಅಮ್ಮಣ್ಣಿಯ ಮಂಚದ ಹಲಗೆ ಮುಟ್ಟುತ್ತದೆ. ಹೋಗಿ ನೋಡಿ ಬರೆದಿದ್ದೇನೆ. ಅಂಜನಮ್ಮ." ಅಮ್ಮಣ್ಣಿಯ ಒತ್ತಕ್ಷರ ಎರಡೂ ಬಹಳ ಚೆನ್ನಾಗಿ ಬಂದವು.

ಅವನು ಓದಿದ. ಮನೆಯ ನಕ್ಷೆಯನ್ನು ಸುತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡ. ಪೂರ್ವದ ಕಿಟಕಿ ಅವನ ಕಂಕುಳಲ್ಲಿ ಹೋಯಿತು. ಬೈರ ಅವನ ಹಿಂದೆಯೇ ಗೇಟಿನವರೆಗೆ ಓಡಿದ. ಮಧು ಆ ಕಾಗದದ ಫೋಟೋ ತೆಗೆದುಕೊಂಡಳು, ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಹೆಬ್ಬೆಟ್ಟಿನ ಮಾತು ಆಡದಿದ್ದರೆ ಸಹಿ ಹಾಕಿಯೇ ಬಿಡುತ್ತಿದ್ದೆ. ದುಡುಕಿದ್ದು ಅವನೇ.

ಜೂನ್ 19

ಸಮಯವಿಲ್ಲ, ಬರೆದು ಬಹಳ ದಿನವಾಯಿತು. ಬೈರ ಈಗ "ಊಟ ಆಯ್ತಾ" ಎಂದು ಕೇಳುತ್ತಿಲ್ಲ. ಸಾಸಿವೆ ಡಬ್ಬಿ ಇವತ್ತು ಫ್ರಿಜ್ಜಿನ ಮೇಲಿತ್ತು.

ಮಧ್ಯಾಹ್ನ ಅಮ್ಮಣ್ಣಿಯ ಮನೆಯಲ್ಲಿದ್ದೆ. ಅವಳಿಗೆ ಉಪ್ಪಿನಕಾಯಿ ಹಾಕುವುದಕ್ಕೆ ಇಂದಿಗೂ ಬರುವುದಿಲ್ಲ, ನೋಡಿಕೊಂಡು ಸುಮ್ಮನಿರುವುದು ಹೇಗೆ? ಜಗಲಿಯ ಮೇಲೆ ಕುಳಿತು ಮಾವಿನಕಾಯಿ ಹೆಚ್ಚುತ್ತಿದ್ದೆವು. ಗೇಟಿನ ಮುಂದೆ ಕಾರು ನಿಂತಿತು. ಕನ್ನಡಕದ ಹೆಂಗಸು ಒಬ್ಬಳು ಇಳಿದಳು. ಬಿಲ್ಡರ್ ಬೇರೆ ಆಫೀಸಿಗೆ ಕೆಲಸ ಕೊಟ್ಟಿದ್ದಾನಂತೆ, ಅಲ್ಲಿನ ಇಂಜಿನಿಯರ್.

"ಆಂಟಿ, ಈ ಮನೆ ಹಿಂದೆ ಕಾಲುವೆ ಇದೆಯಂತಲ್ಲ? ಮಳೆನೀರೆಲ್ಲ ಸರಾಗವಾಗಿ ಕೆರೆಗೆ ಹೋಗುತ್ತಂತೆ?"

"ಯಾರಮ್ಮ ಹೇಳಿದ್ದು?" ಎಂದೆ.

"ಇಲ್ಲಿ ಹಳಬರು ಯಾರೋ ಒಬ್ರು ಅಜ್ಜಿ ಇದಾರಂತೆ. ಅವರೇ ಗ್ಯಾರಂಟಿಯಾಗಿ ಹೇಳಿದ್ರಂತೆ."

"ಮನೆ ಬಿಟ್ಟು ಆಚೆ ಕಾಲಿಡದ ಮುದುಕಿ ಯಾವಳೋ ಹೇಳಿರ್ತಾಳೆ" ಎಂದೆ. "ಅಂಥವರ ಮಾತು ಕಟ್ಕೊಂಡು ಅಂಚಲ್ಲಿ ಏನಾದ್ರೂ ಬರೆದುಗಿರೆದೀಯ. ಚಪ್ಪಲಿ ಬಿಟ್ಟು ಒಳಗೆ ಬಾ, ಗೋಡೆ ತೋರಿಸ್ತೀನಿ. ಮೆಟ್ಟಿಲು ಜಾರುತ್ತೆ, ಹುಷಾರು."

ಅಮ್ಮಣ್ಣಿ ಮಾವಿನಕಾಯಿ ಕೈಬಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗತೊಡಗಿದಳು. ಯಾಕೆ ಎಂದರೆ ಹೇಳುವುದಿಲ್ಲ. ವಯಸ್ಸಾಯಿತು, ಪಾಪ.